ವಿದ್ಯುತ್ ಕಾರು: ಕೊಳ್ಳುವುದು ಯಾವುದನ್ನು, ಯಾವಾಗ?

ಮನೆ ಕಟ್ಟುವುದು, ಮದುವೆ ಮಾಡುವುದು ಇವೆರಡನ್ನು ಬಿಟ್ಟರೆ ನಮ್ಮ ಮಧ್ಯಮ ವರ್ಗದ ಸಂಸಾರವು ಒಂದೇ ಸಲಕ್ಕೆ ಎಣಿಸಿಕೊಡುವ ಅತಿ ದೊಡ್ಡ ಮೊತ್ತವೆಂದರೆ ಕಾರಿನ ಬೆಲೆ. ಹತ್ತು ಹದಿನೈದು ಲಕ್ಷ ರೂಪಾಯಿ ಎಂದರೆ ಅನೇಕರಿಗೆ ಮಗಳ ಕಾಲೇಜು ಓದಿನ ಹಣ, ಇಲ್ಲವೆ ಭವಿಷ್ಯನಿಧಿಯ ಅರ್ಧಭಾಗ. ಅದನ್ನು ವಿದ್ಯುತ್ತಿನಿಂದ ಓಡುವ ವಾಹನಕ್ಕೆ ಈಗಲೇ ಹಾಕುವುದೋ, ಇನ್ನೆರಡು ವರ್ಷ ತಾಳುವುದೋ ಎಂಬ ಪ್ರಶ್ನೆ ಇಂದು ಬಹುಮಂದಿಯ ಊಟದ ಮನೆಯಲ್ಲಿ ಚರ್ಚೆಗೆ ಬಂದಿರುವುದರಲ್ಲಿ ಆಶ್ಚರ್ಯವಿಲ್ಲ.

ಬೆಂಗಳೂರಿಗಂತೂ ಈ ವಾಹನ ಹೊಸತಲ್ಲ. ‘ರೇವಾ’ ಎಂಬ ಪುಟ್ಟ ಕಾರು ಇಲ್ಲಿಯೇ ತಯಾರಾಗಿ 2001ರಲ್ಲಿ ಬೀದಿಗಿಳಿಯಿತು. ಲಂಡನ್ನಿನಲ್ಲಿ ಅದು ‘ಜಿ-ವಿಜ್’ ಎಂಬ ಬೇರೊಂದು ಹೆಸರಿನಿಂದ ಓಡಾಡಿತು. ಸೀಸ ಮತ್ತು ಆಮ್ಲದ ಹಳೆಯ ಬಗೆಯ ಬ್ಯಾಟರಿ ಅದರ ಹೊಟ್ಟೆಯಲ್ಲಿದ್ದಿತು; ಒಮ್ಮೆ ತುಂಬಿದರೆ ಹೆಚ್ಚೆಂದರೆ ಎಂಬತ್ತು ಕಿಲೋಮೀಟರು. 2010ರಲ್ಲಿ ಮಹೀಂದ್ರಾ ಸಂಸ್ಥೆಯವರು ಆ ಕಂಪೆನಿಯನ್ನು ತಮ್ಮದಾಗಿಸಿಕೊಂಡರು. ಕಾರು ಕೆಟ್ಟದೆಂದಲ್ಲ, ಕಾಲಕ್ಕೆ ಮೊದಲೇ ಬಂದಿತು. ಬ್ಯಾಟರಿ ಎಂಬುದು ಇನ್ನೂ ಪಕ್ವವಾಗಿರಲಿಲ್ಲ.

ಆದುದರಿಂದ ಕಾರಿನ ಬಣ್ಣ, ಗಾಜಿನ ಮಾಳಿಗೆ, ಎದುರಿನ ದೊಡ್ಡ ಪರದೆ ಇವುಗಳನ್ನು ನೋಡುವ ಮೊದಲು ವಿಚಾರಿಸತಕ್ಕದ್ದು ಬ್ಯಾಟರಿಯನ್ನು. ಇಂದಿನ ಕಾರುಗಳಲ್ಲಿ ಮುಖ್ಯವಾಗಿ ಎರಡು ಜಾತಿಯವು ಉಂಟು. ಒಂದರಲ್ಲಿ ಲಿಥಿಯಮ್ಮಿನೊಡನೆ ಕಬ್ಬಿಣ ಮತ್ತು ಫಾಸ್ಫೇಟು. ಇನ್ನೊಂದರಲ್ಲಿ ನಿಕ್ಕಲ್, ಮ್ಯಾಂಗನೀಸ್, ಕೋಬಾಲ್ಟ್. ಮೊದಲನೆಯದು 1990ರ ದಶಕದಲ್ಲಿ ಜಾನ್ ಗುಡೆನಫ್ ಅವರ ಪ್ರಯೋಗಶಾಲೆಯಿಂದ ಹೊರಬಂದಿತು. ಲಿಥಿಯಂ ಬ್ಯಾಟರಿಯ ಕೆಲಸಕ್ಕಾಗಿ 2019ರ ನೊಬೆಲ್ ಪಾರಿತೋಷಕವನ್ನು ಇತರ ಇಬ್ಬರೊಡನೆ ಹಂಚಿಕೊಂಡ ವೃದ್ಧ ವಿಜ್ಞಾನಿ ಇವರೇ. ಕಬ್ಬಿಣದ ಜಾತಿಯು ತೂಕದಲ್ಲಿ ಹೆಚ್ಚು, ಕಡು ಚಳಿಗೆ ಮಂಕಾಗುತ್ತದೆ. ಆದರೆ ಬಿಸಿಲನ್ನು ಸಹಿಸುತ್ತದೆ, ಹೆಚ್ಚು ಸಲ ತುಂಬಿ ಬರಿದು ಮಾಡಿದರೂ ಬಾಳುತ್ತದೆ, ಬೆಲೆಯೂ ಕಡಿಮೆ. ರಾಯಚೂರು ಬಳ್ಳಾರಿಗಳ ಬೇಸಗೆಯನ್ನು ಬಲ್ಲ ನಮಗೆ ಯಾವುದು ಒಗ್ಗುವುದೆಂದು ಬಿಡಿಸಿ ಹೇಳಬೇಕಾಗಿಲ್ಲ. ಟಾಟಾ ನೆಕ್ಸಾನ್, ಎಂ.ಜಿ. ವಿಂಡ್ಸರ್, ಮಹೀಂದ್ರಾ ಬಿ.ಇ. 6 ಇವು ಕಬ್ಬಿಣದ ಜಾತಿಗೆ ಸೇರಿದವು. 2025ರ ಜನವರಿಯಲ್ಲಿ ಬಂದ ಹ್ಯುಂಡೈ ಕ್ರೆಟಾ ವಿದ್ಯುತ್ ಕಾರು ನಿಕ್ಕಲ್ ಜಾತಿಯದು. ನಿಕ್ಕಲ್ಲಿನದನ್ನು ದಿನವೂ ನೂರಕ್ಕೆ ಎಂಬತ್ತರವರೆಗೆ ಮಾತ್ರ ತುಂಬುವುದು ಅದರ ಆಯುಸ್ಸಿಗೆ ಹಿತ.

ಲೆಕ್ಕದ ಮಾತು

ದಾವಣಗೆರೆಯಲ್ಲಿರುವ ನಮ್ಮ ಭಾವನವರು ಕಳೆದ ಹಬ್ಬಕ್ಕೆ ಹೋಗಿದ್ದಾಗ, “ಏನಪ್ಪಾ ಮೇಷ್ಟ್ರೇ, ಪದ್ಯಕ್ಕೆ ಮಾತ್ರೆ ಎಣಿಸ್ತೀಯಲ್ಲ, ಇದಕ್ಕೂ ಒಂದು ಲೆಕ್ಕ ಹಾಕಿ ಕೊಡು” ಎಂದರು. ಛಂದಸ್ಸಿಗಿಂತ ಇದು ಸುಲಭವೇ. ಬ್ಯಾಟರಿಯ ಅಳತೆಯನ್ನು ಹೇಳುವ ಕಿಲೋವಾಟ್-ಅವರ್ ಎಂಬುದು ನಮ್ಮ ಕರೆಂಟು ಬಿಲ್ಲಿನ ಒಂದು ಯೂನಿಟ್ ಅಲ್ಲದೆ ಬೇರೇನೂ ಅಲ್ಲ. ನಲವತ್ತೈದರ ಬ್ಯಾಟರಿ ಎಂದರೆ ನಲವತ್ತೈದು ಯೂನಿಟ್ ಹಿಡಿಯುವ ಕೊಡ.

ತುಂಬುವಾಗ ಸೋರಿಹೋಗುವುದನ್ನೂ ಕಳೆದು, ಗೋಡೆಯ ಪ್ಲಗ್ಗಿನಿಂದ ಪಡೆದ ಒಂದು ಯೂನಿಟ್ಟಿಗೆ ಕಾರು ಆರು ಕಿಲೋಮೀಟರು ಓಡುವುದೆಂದು ಹಿಡಿಯೋಣ. ಎಲ್ಲ ಸುಂಕವೂ ಸೇರಿ ಯೂನಿಟ್ಟಿಗೆ ಏಳು ರೂಪಾಯಿಯಾದರೆ, ಕಿಲೋಮೀಟರಿಗೆ ಬೀಳುವುದು ಸುಮಾರು ಒಂದು ರೂಪಾಯಿ ಹದಿನೇಳು ಪೈಸೆ. ಪೆಟ್ರೋಲು ಲೀಟರಿಗೆ ನೂರು ರೂಪಾಯಿ, ಊರಿನೊಳಗೆ ಲೀಟರಿಗೆ ಹದಿನಾಲ್ಕು ಕಿಲೋಮೀಟರು ಎಂದರೆ ಕಿಲೋಮೀಟರಿಗೆ ಏಳು ರೂಪಾಯಿಯ ಮೇಲೆ. ಉಳಿತಾಯ ಆರು ರೂಪಾಯಿ. ಒಂದೇ ಅಳತೆಯ ಎರಡು ಕಾರುಗಳ ಬೆಲೆಯಲ್ಲಿ ಮೂರು ಲಕ್ಷದ ಅಂತರವಿದ್ದರೆ, ಆ ಅಂತರ ತೀರಬೇಕಾದರೆ ಐವತ್ತು ಸಾವಿರ ಕಿಲೋಮೀಟರು ಓಡಬೇಕು.

ಭಾವನವರು ದಿನವೂ ಹರಿಹರಕ್ಕೆ ಹೋಗಿ ಬರುವವರು. ಊರೂರು ತಿರುಗುವುದೂ ಸೇರಿ ವರ್ಷಕ್ಕೆ ಹತ್ತು ಸಾವಿರ ಕಿಲೋಮೀಟರು. ಸ್ವಂತ ಮನೆ, ಅಂಗಳದಲ್ಲಿ ಕಾರು ನಿಲ್ಲುತ್ತದೆ. ಅವರಿಗೆ ಐದು ವರ್ಷಕ್ಕೆ ಹಣ ಮರಳುತ್ತದೆ, ಆಮೇಲಿನದೆಲ್ಲ ಲಾಭ. ಇದೇ ಲೆಕ್ಕವನ್ನು ನನಗೆ ಅನ್ವಯಿಸಿದರೆ ಚಿತ್ರವೇ ಬೇರೆ. ವರ್ಷಕ್ಕೆ ನಾಲ್ಕೂವರೆ ಸಾವಿರ ಕಿಲೋಮೀಟರು ದಾಟದ ನನಗೆ ಹನ್ನೊಂದು ವರ್ಷ ಬೇಕು. ಅದರ ಮೇಲೆ ನಮ್ಮದು ಬೆಂಗಳೂರಿನ ಬಾಡಿಗೆಯ ಫ್ಲಾಟು. ನೆಲಮಾಳಿಗೆಯಲ್ಲಿ ಕಾರು ನಿಲ್ಲಿಸುವ ಕಡೆ ಒಂದು ಪ್ಲಗ್ಗೂ ಇಲ್ಲ. ಬೀದಿಯ ಚಾರ್ಜಿಂಗ್ ಕೇಂದ್ರವನ್ನೇ ನಂಬಿ ಯೂನಿಟ್ಟಿಗೆ ಇಪ್ಪತ್ತು ರೂಪಾಯಿ ತೆರುವವನಿಗೆ ಕಿಲೋಮೀಟರಿನ ಉಳಿತಾಯ ನಾಲ್ಕು ರೂಪಾಯಿಗೂ ಕೆಳಗೆ ಇಳಿಯುತ್ತದೆ. ಮನೆಯಲ್ಲಿ ಪ್ಲಗ್ಗು ಹಾಕಿಸಲಾಗದವರು ಕಾರಿನ ಅಂಗಡಿಗೆ ಹೋಗುವ ಮೊದಲು ನಿವಾಸಿಗಳ ಸಂಘದ ಕಾರ್ಯದರ್ಶಿಯನ್ನು ಕಾಣುವುದು ಲೇಸು. ರಾತ್ರಿಯ ಎಂಟು ಗಂಟೆಯಲ್ಲಿ ಮನೆಯ ಹದಿನೈದು ಆಂಪಿಯರಿನ ಸಾಧಾರಣ ಪ್ಲಗ್ಗು ಇಪ್ಪತ್ತಕ್ಕೂ ಮಿಕ್ಕು ಯೂನಿಟ್ ಕೊಡಬಲ್ಲುದು. ನೂರಿಪ್ಪತ್ತು ಕಿಲೋಮೀಟರಿಗೆ ಅದು ಸಾಕು. ಆದರೆ ಹಳೆಯ ಮನೆಯಾದರೆ ತಂತಿಯನ್ನೂ ಅರ್ಥಿಂಗನ್ನೂ ಎಲೆಕ್ಟ್ರೀಷಿಯನ್ನಿಗೆ ತೋರಿಸದೆ ತೊಡಗಬಾರದು.

ಕಂಪೆನಿಗಳು, ಅವರ ಮಾತುಗಳು

ಎಲ್ಲ ಕಂಪೆನಿಗಳೂ ಜಾಹೀರಾತಿನಲ್ಲಿ ಸಾರುವ ದೂರವು ಪ್ರಯೋಗಶಾಲೆಯ ದೂರ. ನಲವತ್ತೈದು ಯೂನಿಟ್ಟಿನ ನೆಕ್ಸಾನಿಗೆ 489 ಕಿಲೋಮೀಟರು ಎಂದು ಪ್ರಮಾಣಪತ್ರವಿದೆ. ನಿಜವಾದ ರಸ್ತೆಯಲ್ಲಿ ಸುಮಾರು 350ರಿಂದ 375 ಎಂದು ಟಾಟಾದವರೇ ಹೇಳಿದ್ದಾರೆ. ಈ ಪ್ರಾಮಾಣಿಕತೆ ಮೆಚ್ಚತಕ್ಕದ್ದು. ಮಿಕ್ಕವರ ಅಂಕಿಯಲ್ಲಿ ಮೂರರಲ್ಲೊಂದು ಪಾಲನ್ನು ನಾವೇ ಕಳೆದುಕೊಂಡರೆ ದಾರಿಯಲ್ಲಿ ದಿಗಿಲಾಗದು.

ಟಾಟಾದವರ ನೆಕ್ಸಾನ್ 2020ರಲ್ಲಿ, ಟಿಯಾಗೊ 2022ರಲ್ಲಿ, ಪಂಚ್ 2024ರಲ್ಲಿ ವಿದ್ಯುತ್ ರೂಪ ತಳೆದವು. ಹಳೆಯ ಅನುಭವ ಮತ್ತು ಸಣ್ಣ ಊರುಗಳವರೆಗೆ ಹಬ್ಬಿದ ಸರ್ವಿಸ್ ಜಾಲ ಇವರ ಬಲ. ಪಂಚ್ ಮತ್ತು ನೆಕ್ಸಾನ್ ಎರಡೂ ಭಾರತ್ ಎನ್‌ಕ್ಯಾಪ್ ಅಪಘಾತ ಪರೀಕ್ಷೆಯಲ್ಲಿ 2024ರಲ್ಲಿ ಐದು ನಕ್ಷತ್ರ ಪಡೆದಿವೆ. ಮಹೀಂದ್ರಾದವರು 2024ರ ನವೆಂಬರಿನಲ್ಲಿ ತಂದ ಬಿ.ಇ. 6, ಎಕ್ಸ್.ಇ.ವಿ. 9ಇ ಎಂಬ ಜೋಡಿಯಲ್ಲಿ 59 ಮತ್ತು 79 ಯೂನಿಟ್ಟಿನ ದೊಡ್ಡ ಬ್ಯಾಟರಿಗಳಿವೆ. ದೂರಪ್ರಯಾಣಿಕರಿಗೆ ಇದಕ್ಕಿಂತ ಒಳ್ಳೆಯದನ್ನು ಈ ಬೆಲೆಗೆ ಹುಡುಕುವುದು ಕಷ್ಟ. ಆದರೆ ತರಕಾರಿಗೂ ಶಾಲೆಗೂ ಓಡಾಡುವ ಮನೆಗೆ ಅಷ್ಟು ದೊಡ್ಡ ಬ್ಯಾಟರಿ ಏತಕ್ಕೆ? ಇಬ್ಬರಿರುವ ಮನೆಯಲ್ಲಿ ಇಪ್ಪತ್ತು ಜನರ ಪಾತ್ರೆಯಲ್ಲಿ ಅನ್ನ ಮಾಡಿದಂತೆ. ಟೆಸ್ಲಾದವರೂ 2025ರ ಜುಲೈಯಲ್ಲಿ ಮುಂಬಯಿಗೆ ಬಂದರು. ಅರುವತ್ತು ಲಕ್ಷದ ಆ ಮಾತನ್ನು ಇಲ್ಲಿ ಬೆಳೆಸುವುದು ಬೇಡ.

ಎಂ.ಜಿ.ಯ ಹೆಸರು ಇಂಗ್ಲೆಂಡಿನದು, ಒಡೆತನ ಚೀನೀಯರದೂ ನಮ್ಮ ಜಿಂದಾಲರದೂ ಕೂಡಿದ್ದು. 2024ರ ಸೆಪ್ಟೆಂಬರಿನಲ್ಲಿ ಅವರು ವಿಂಡ್ಸರ್ ಕಾರಿನೊಡನೆ ಹೊಸದೊಂದು ಉಪಾಯವನ್ನೂ ತಂದರು: ಕಾರಿಗೆ 9.99 ಲಕ್ಷ ಕೊಡಿ, ಬ್ಯಾಟರಿಗೆ ಕಿಲೋಮೀಟರಿಗೆ ಮೂರೂವರೆ ರೂಪಾಯಿ ಬಾಡಿಗೆ ತೆರಿ. ಕೇಳಲು ಬಲು ಇಂಪು. ಬಾಡಿಗೆಗೆ ಕರೆಂಟಿನ ವೆಚ್ಚ ಕೂಡಿಸಿದರೆ ಕಿಲೋಮೀಟರಿಗೆ ನಾಲ್ಕೂಮುಕ್ಕಾಲು ರೂಪಾಯಿಯಷ್ಟಾಗುತ್ತದೆ; ಪೆಟ್ರೋಲಿಗಿಂತ ಉಳಿಯುವುದು ಎರಡೂಕಾಲು, ಎರಡೂವರೆ. ಕಡಿಮೆ ಓಡಿಸುವವನು ಪ್ರತಿ ತಿಂಗಳೂ ಕನಿಷ್ಠ ಬಾಡಿಗೆ ತೆರಬೇಕಾದ ಷರತ್ತು ಕರಾರಿನಲ್ಲಿದೆಯೇ ಎಂದು ಓದಿಯೇ ರುಜು ಹಾಕಬೇಕು.

ಘಟ್ಟದ ಮಾತನ್ನು ಅನೇಕರು ಕೇಳುತ್ತಾರೆ. ಮಂಗಳೂರಿನಿಂದ ಬೆಂಗಳೂರಿಗೆ ಸುಮಾರು 350 ಕಿಲೋಮೀಟರು. ಸಮುದ್ರಮಟ್ಟದಿಂದ ಒಂಬೈನೂರು ಮೀಟರು ಏರಬೇಕು. ಜನವೂ ಸಾಮಾನೂ ಸೇರಿ ಸಾವಿರದ ಎಂಟುನೂರು ಕಿಲೋ ತೂಗುವ ಕಾರನ್ನು ಅಷ್ಟು ಎತ್ತರಕ್ಕೆ ಎತ್ತುವುದಕ್ಕೇ ನಾಲ್ಕೂವರೆ ಯೂನಿಟ್ ಬೇಕು. ಸೋರಿಕೆ ಸೇರಿ ಐದೆನ್ನಿ. ಎಂದರೆ ಬಯಲಿನಲ್ಲಿ ಮೂವತ್ತು ಮೂವತ್ತೈದು ಕಿಲೋಮೀಟರು ಓಡುವಷ್ಟು ಶಕ್ತಿ ಏರಿಗೆ ಹೋಯಿತು. ಜನ ಹೆದರುವಷ್ಟಿಲ್ಲ. ಇಳಿಯುವಾಗ ಮೋಟಾರೇ ಉತ್ಪಾದಕಯಂತ್ರವಾಗಿ ಅದರಲ್ಲಿ ಒಂದು ಪಾಲನ್ನು ಹಿಂದಕ್ಕೆ ಕೊಡುತ್ತದೆ. ಚಾರ್ಮಾಡಿ ಇಳಿದವರು ಬ್ಯಾಟರಿಯ ಅಂಕಿ ಮೇಲೇರುವುದನ್ನು ಕಂಡು ಮಕ್ಕಳಂತೆ ಹಿಗ್ಗುತ್ತಾರೆ. ಸಕಲೇಶಪುರದಲ್ಲೋ ಹಾಸನದಲ್ಲೋ ಕಾಫಿಗೆ ನಿಲ್ಲುವ ಮುಕ್ಕಾಲು ಗಂಟೆಯಲ್ಲಿ ವೇಗದ ಚಾರ್ಜರಿನಿಂದ ಮುಕ್ಕಾಲು ಪಾಲು ತುಂಬುತ್ತದೆ. ಕೊನೆಯ ಐದನೆಯ ಒಂದು ಪಾಲು ತುಂಬುವುದು ಮಾತ್ರ ಬಹಳ ನಿಧಾನ. ಅದಕ್ಕಾಗಿ ಕಾದು ಕುಳಿತು ಹಿಂದಿನವರನ್ನು ಕಾಯಿಸಬಾರದು.

ಈಗಲೋ, ಆಮೇಲೋ?

ಬ್ಯಾಟರಿಯ ಬೆಲೆ ಇಳಿಯುತ್ತಿರುವುದು ನಿಜ. ಜಾಗತಿಕ ಸರಾಸರಿಯಲ್ಲಿ 2010ರಲ್ಲಿ ಯೂನಿಟ್ಟಿಗೆ ಸಾವಿರ ಡಾಲರು ಮೀರಿದ್ದುದು 2024ರಲ್ಲಿ 115 ಡಾಲರಿಗೆ ಬಂದಿತು. 2024ರ ಫೆಬ್ರವರಿಯಲ್ಲಿ ಟಾಟಾದವರು ನೆಕ್ಸಾನಿನ ಬೆಲೆಯನ್ನು ಒಂದು ಲಕ್ಷ ಇಪ್ಪತ್ತು ಸಾವಿರದವರೆಗೂ ತಗ್ಗಿಸಿದರು. ಜನವರಿಯಲ್ಲಿ ಕೊಂಡವರ ಮುಖವನ್ನು ಊಹಿಸಿಕೊಳ್ಳಬಹುದು. ಇತ್ತ ಪೆಟ್ರೋಲು ಕಾರೂ ಸುಮ್ಮನಿಲ್ಲ. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಪೆಟ್ರೋಲು ಕಾರುಗಳ ಜಿ.ಎಸ್.ಟಿ. ಶೇಕಡ 28ರಿಂದ 18ಕ್ಕೆ ಇಳಿಯಿತು. ವಿದ್ಯುತ್ ಕಾರಿನದು 2019ರಿಂದಲೇ ಶೇಕಡ 5 ಆಗಿದ್ದುದರಿಂದ ಅದಕ್ಕೆ ಹೊಸ ಲಾಭವೇನೂ ಸಿಗಲಿಲ್ಲ. ಬೆಲೆಯ ಅಂತರ ಮತ್ತೆ ಅಗಲವಾಯಿತು. ರಸ್ತೆ ತೆರಿಗೆಯಲ್ಲಿಯೂ ಹಿಂದಿನ ವಿನಾಯಿತಿಯನ್ನೇ ನೆಚ್ಚಬಾರದು. ಕರ್ನಾಟಕವು 2024ರಲ್ಲಿ ಇಪ್ಪತ್ತೈದು ಲಕ್ಷ ಮೀರಿದ ವಿದ್ಯುತ್ ಕಾರುಗಳಿಗೆ ಶೇಕಡ 10ರ ಆಜೀವ ತೆರಿಗೆ ಹಾಕಿತು. ಕೊಳ್ಳುವ ವಾರದಲ್ಲಿ ದರವನ್ನು ವಿಚಾರಿಸಿಯೇ ಮುಂದುವರಿಯಬೇಕು.

ಹಾಗಾದರೆ ಕಾಯುವುದೇ ಜಾಣತನವೆ? ಕಾಯುವುದಕ್ಕೂ ಬೆಲೆಯುಂಟು. ವರ್ಷಕ್ಕೆ ಹತ್ತು ಸಾವಿರ ಕಿಲೋಮೀಟರು ಓಡಿಸುವ ನಮ್ಮ ಭಾವನವರು ಒಂದು ವರ್ಷ ತಡೆದರೆ ಪೆಟ್ರೋಲಿಗೆ ಅರುವತ್ತು ಸಾವಿರ ಹೆಚ್ಚಿಗೆ ಸುರಿಯುತ್ತಾರೆ. ಕಾರಿನ ಬೆಲೆ ಅಷ್ಟು ಇಳಿಯುವ ಭರವಸೆಯಿದ್ದರೆ ತಡೆಯಲಿ, ಇಲ್ಲವಾದರೆ ಈಗಲೇ ಕೊಳ್ಳಲಿ. ನನಗೆ ಒಂದು ವರ್ಷದ ತಾಳ್ಮೆಯ ವೆಚ್ಚ ಇಪ್ಪತ್ತೇಳು ಸಾವಿರ. ಅಷ್ಟನ್ನು ಧಾರಾಳವಾಗಿ ತಾಳಬಲ್ಲೆ. ಇರುವ ಕಾರು ಚೆನ್ನಾಗಿ ಓಡುತ್ತಿರುವಾಗ ಅದನ್ನು ಮಾರಿ ಹೊಸತನ್ನು ಕೊಳ್ಳುವ ಆತುರವಂತೂ ನನಗಿಲ್ಲ.

ಬಳಸಿದ ವಿದ್ಯುತ್ ಕಾರನ್ನು ಅಗ್ಗವಾಗಿ ಕೊಳ್ಳುವ ದಾರಿಯೂ ಒಂದುಂಟು. ಬ್ಯಾಟರಿಗೆ ಎಂಟು ವರ್ಷ ಅಥವಾ ಒಂದು ಲಕ್ಷ ಅರುವತ್ತು ಸಾವಿರ ಕಿಲೋಮೀಟರಿನ ಖಾತರಿ ವಾಡಿಕೆಯಾಗಿ ಇರುತ್ತದೆ. ಕೆಲವು ಕಂಪೆನಿಗಳು ‘ಆಜೀವ ಖಾತರಿ’ ಎಂದು ದೊಡ್ಡ ಅಕ್ಷರದಲ್ಲಿ ಅಚ್ಚು ಹಾಕಿ, ಅದು ಮೊದಲ ಒಡೆಯನಿಗೆ ಮಾತ್ರ ಎಂಬುದನ್ನು ಸಣ್ಣ ಅಕ್ಷರದಲ್ಲಿ ಸೇರಿಸುತ್ತವೆ. ಎರಡನೆಯ ಒಡೆಯನಾಗಲು ಹೊರಟವರು ಆ ಸಣ್ಣ ಅಕ್ಷರವನ್ನು ಓದಿ, ಕಂಪೆನಿಯ ಸರ್ವಿಸ್ ಕೇಂದ್ರದಲ್ಲಿ ಬ್ಯಾಟರಿಯ ಆರೋಗ್ಯವನ್ನು ಅಳೆಯಿಸಿ, ಆ ಕಾಗದವನ್ನು ಕೈಯಲ್ಲಿ ಹಿಡಿದು ಆಮೇಲೆ ಮುಂಗಡ ಕೊಡಬಹುದು.