ಗಾಳಿ ಫ್ಯಾನಿನ ನೆರಳಿಗೆ ಫಿಟ್ಸ್ ಬರುತ್ತದೆಯೇ?

ಕಳೆದ ಆಷಾಢದಲ್ಲಿ ಮೊಳಕಾಲ್ಮುರು ಕಡೆಯ ಅಜ್ಜಿಯೊಬ್ಬರು ಹತ್ತು ವರ್ಷದ ಮೊಮ್ಮಗನನ್ನು ಕರೆದುಕೊಂಡು ಬಂದರು. ಜೊತೆಗೆ ಹುಡುಗನ ತಂದೆಯೂ ಇದ್ದ. ಹುಡುಗನಿಗೆ ಎರಡು ವರ್ಷದಿಂದ ಮೂರ್ಛೆ ರೋಗಕ್ಕೆ ಚಿಕಿತ್ಸೆ ನಡೆಯುತ್ತಿದೆ. ಆದರೆ ಅಜ್ಜಿಯ ಚಿಂತೆ ಬೇರೆಯೇ ಆಗಿತ್ತು. ಊರ ಪಕ್ಕದ ಗುಡ್ಡಕ್ಕೆ ಗಾಳಿ ಫ್ಯಾನು ಬರುವ ಮಾತಿದೆ, ಅವರ ಎರಡು ಎಕರೆಯನ್ನೂ ಕೇಳಿದ್ದಾರೆ.

"ಫ್ಯಾನಿನ ನೆಳ್ಳು ಬಿದ್ರೆ ಹುಡುಗನಿಗೆ ಫಿಟ್ಸ್ ಜಾಸ್ತಿ ಆಗ್ತದಂತೆ, ಸೊಸೆ ಬೇರೆ ಬಸುರಿ. ಸೈನ್ ಹಾಕೋದೋ ಬ್ಯಾಡವೋ ನೀವೇ ಹೇಳ್ರಿ ಡಾಕ್ಟ್ರೇ" ಎಂದರು.

ಜಮೀನಿನ ಲೆಕ್ಕ ವೈದ್ಯನಿಗೆ ಸೇರಿದ್ದಲ್ಲ. ಆದರೆ ಫಿಟ್ಸ್‌ನ ಪ್ರಶ್ನೆಗೆ ಉತ್ತರ ಕೊಡಲೇಬೇಕು.

ಮಿನುಗುವ ಬೆಳಕಿಗೆ ಫಿಟ್ಸ್ ಬರುವವರು ಇದ್ದಾರೆ. ಆದರೆ ಮೂರ್ಛೆ ರೋಗಿಗಳಲ್ಲಿ ಅಂಥವರು ನೂರಕ್ಕೆ ಐದಾರು ಮಂದಿ ಇರಬಹುದು ಅಷ್ಟೆ. ಅವರಿಗೂ ಬೆಳಕು ಸಾಮಾನ್ಯವಾಗಿ ಸೆಕೆಂಡಿಗೆ 3 ಸಲಕ್ಕಿಂತ ಹೆಚ್ಚು ಮಿನುಗಬೇಕು. ಈಗಿನ ದೊಡ್ಡ ಯಂತ್ರ ನಿಮಿಷಕ್ಕೆ ಹೆಚ್ಚೆಂದರೆ 20 ಸುತ್ತು ತಿರುಗುತ್ತದೆ. ಅದಕ್ಕಿರುವುದು ಮೂರು ರೆಕ್ಕೆ. ಅಂದರೆ ನೆರಳು ಹಾದುಹೋಗುವುದು ನಿಮಿಷಕ್ಕೆ 60 ಸಲ, ಸೆಕೆಂಡಿಗೆ ಒಂದೇ ಸಲ. ಅದೂ ಸೂರ್ಯ ಕೆಳಗಿರುವ ಬೆಳಗಿನ ಮತ್ತು ಸಂಜೆಯ ಹೊತ್ತಿನಲ್ಲಿ ಮಾತ್ರ ದೂರದವರೆಗೆ ಬೀಳುತ್ತದೆ. ಕಿರಿಕಿರಿ ಆಗಬಹುದು, ಫಿಟ್ಸ್ ಬರುವ ಸಂಭವ ಬಹಳ ಕಡಿಮೆ.

"ಮಾತ್ರೆ ತಪ್ಪದೆ ಕೊಡುತ್ತಿದ್ದೀರಾ?" ಎಂದು ಕೇಳಿದೆ. ಅಜ್ಜಿ ಮಗನ ಮುಖ ನೋಡಿದರು. ಮಾತ್ರೆ ಮುಗಿದು ಎಂಟು ದಿನವಾಗಿತ್ತಂತೆ! ಫಿಟ್ಸ್ ಮಾತ್ರೆಯನ್ನು ಹಠಾತ್ತನೆ ನಿಲ್ಲಿಸಿದರೆ ಒಂದರ ಮೇಲೊಂದು ಫಿಟ್ಸ್ ಬಂದು ಜೀವಕ್ಕೇ ಅಪಾಯವಾಗಬಹುದು. ಮಿಕ್ಕ ಮಾತು ಆಮೇಲೆ ಎಂದು ಚೀಟಿ ಬರೆದು ಮೊದಲು ಮಗನನ್ನು ಔಷಧಿ ಅಂಗಡಿಗೆ ಕಳಿಸಿದೆ.

ಇನ್ನು ಸದ್ದಿನ ವಿಷಯ. ಕೆನಡಾದ ಆರೋಗ್ಯ ಇಲಾಖೆ ಗಾಳಿಯಂತ್ರಗಳ ನೆರೆಯ ಸಾವಿರಕ್ಕೂ ಹೆಚ್ಚು ಮನೆಗಳಲ್ಲಿ ಅಧ್ಯಯನ ನಡೆಸಿ 2014ರಲ್ಲಿ ಫಲಿತಾಂಶ ಪ್ರಕಟಿಸಿತು. ನಿದ್ರೆಗೆ, ತಲೆಸುತ್ತಿಗೆ, ರಕ್ತದೊತ್ತಡಕ್ಕೆ ಯಂತ್ರದ ಸದ್ದಿನ ನಂಟು ಕಾಣಲಿಲ್ಲ. ಆದರೆ ಸದ್ದು ಹೆಚ್ಚಿದ ಕಡೆ ಜನರ ಬೇಸರವೂ ಹೆಚ್ಚಿತ್ತು. ಗರ್ಭಪಾತವಾಗುತ್ತದೆ ಎಂಬುದಕ್ಕಂತೂ ಆಧಾರವಿಲ್ಲ. ಅದೇ ವರ್ಷ ನ್ಯೂಜಿಲೆಂಡಿನ ಸಂಶೋಧಕರು ಕೆಲವರಿಗೆ ಮೊದಲು ಗಾಳಿಯಂತ್ರದ ಬಗ್ಗೆ ಹೆದರಿಸುವ ಚಿತ್ರ ತೋರಿಸಿ, ನಂತರ ಸದ್ದೇ ಇಲ್ಲದ ಕೋಣೆಯಲ್ಲಿ ಕೂರಿಸಿದರು. ಅವರಿಗೂ ತೊಂದರೆಗಳು ಕಾಣಿಸಿದವು! ಆ ತಲೆನೋವು ಸುಳ್ಳಲ್ಲ, ಅದರ ಮೂಲ ಭಯ.

ಹಾಗೆಂದು ಯಂತ್ರವನ್ನು ಮನೆಯಂಗಳದಲ್ಲೇ ನಿಲ್ಲಿಸಿ ಎಂದಲ್ಲ. ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಯುರೋಪಿಗಾಗಿ ಕೊಟ್ಟ ಸಲಹೆಯಂತೆ ಈ ಸದ್ದು ದಿನದ ಸರಾಸರಿಯಲ್ಲಿ 45 ಡೆಸಿಬಲ್‌ಗಿಂತ ಕಡಿಮೆ ಇರಬೇಕು. ನಮ್ಮ ಕೇಂದ್ರ ಸರ್ಕಾರದ 2016ರ ಮಾರ್ಗಸೂಚಿ ಸದ್ದಿನ ಕಾರಣಕ್ಕೇ ವಾಸದ ಮನೆಗಳಿಂದ 500 ಮೀಟರ್ ದೂರ ಕೇಳುತ್ತದೆ. ಊರಿನ ಸಭೆಯಲ್ಲಿ ಇದನ್ನೇ ಹಿಡಿದು ಕೇಳಿ. ಗುಡ್ಡಕ್ಕೆ ದಾರಿ ಕಡಿಯುವಾಗ ಲಾರಿಗಳ ಧೂಳೇಳುತ್ತದೆ. ಉಬ್ಬಸದವರಿಗೆ ನೆರಳಿಗಿಂತ ಈ ಧೂಳೇ ಶತ್ರು. ದಿನಾ ನೀರು ಹಾಕಿಸುವ ಕರಾರು ಮೊದಲೇ ಆಗಲಿ.

ಫ್ಯಾನು ಮೋಡ ಓಡಿಸುತ್ತದೆ ಎಂಬ ಮಾತೂ ನಮ್ಮ ಜಿಲ್ಲೆಯಲ್ಲಿದೆ. ಮಳೆಮೋಡಗಳು ಹಲವು ಕಿಲೋಮೀಟರ್ ಎತ್ತರಕ್ಕೆ ಬೆಳೆದಿರುತ್ತವೆ. ಯಂತ್ರದ ರೆಕ್ಕೆಯ ತುದಿ ಇನ್ನೂರು ಮೀಟರ್ ಆಸುಪಾಸು. ಚಳ್ಳಕೆರೆ ಸೀಮೆಗೆ ಮಳೆ ಕಡಿಮೆ ಎಂಬುದು ಫ್ಯಾನು ಹುಟ್ಟುವ ಮೊದಲಿನ ಕಥೆ. ಘಟ್ಟದ ಮರೆಯ ನಾಡಿದು.

ನನ್ನ ಒಲವು ಗಾಳಿಯ ಕಡೆಗೇ. ಕಲ್ಲಿದ್ದಲಿನ ಹೊಗೆಯ ಸೂಕ್ಷ್ಮ ಕಣಗಳು ಶ್ವಾಸಕೋಶಕ್ಕೂ ಹೃದಯಕ್ಕೂ ಮಾಡುವ ಕೇಡು ಖಚಿತವಾಗಿ ಗೊತ್ತಿರುವಂಥದ್ದು. ನೀರಿನ ಲೆಕ್ಕವೂ ಇದೆ. ಹಳೆಯ ಕಲ್ಲಿದ್ದಲು ಸ್ಥಾವರಗಳಿಗೆ 2015ರ ನಿಯಮ ಹಾಕಿದ ಮಿತಿ 1 ಯೂನಿಟ್ ವಿದ್ಯುತ್ತಿಗೆ 3.5 ಲೀಟರ್ ನೀರು. ಗಾಳಿಗೆ ಆ ನೀರು ಬೇಡ. ಕೊಳವೆಬಾವಿಯ ಫ್ಲೋರೈಡ್ ನೀರು ಕುಡಿದು ಮಕ್ಕಳ ಹಲ್ಲು ಕಂದಾಗುವ ನಮ್ಮ ತಾಲ್ಲೂಕುಗಳಲ್ಲಿ ಇದು ಸಣ್ಣ ಮಾತಲ್ಲ.

ಅಜ್ಜಿ ಮೊನ್ನೆ ಮತ್ತೆ ಬಂದಿದ್ದರು. ಸೈನ್ ಇನ್ನೂ ಹಾಕಿಲ್ಲ, ಊರಿನಿಂದ ಜಾಗ ಅಳೆದು ತೋರಿಸಿ ಎಂದು ಕೇಳಿದ್ದಾರಂತೆ. ಸೊಸೆಗೆ ಹೆರಿಗೆಯಾಗಿದೆ, ಹೆಣ್ಣು ಮಗು. ಹುಡುಗನಿಗೆ ಎರಡು ತಿಂಗಳ ಮಾತ್ರೆ ಬರೆದುಕೊಟ್ಟು, ಮುಗಿಯುವ ವಾರ ಮೊದಲೇ ಬರಬೇಕೆಂದು ಹೇಳಿ ಕಳಿಸಿದೆ.