ಬೆಳಗ್ಗೆ ಶಸ್ತ್ರಕ್ರಿಯೆ, ಸಂಜೆಗೆ ಸ್ವಗೃಹ

ಪುರುಷರ ಮೂತ್ರಾಶಯದ ಕೆಳಗೆ, ಮೂತ್ರನಾಳವನ್ನು ಸುತ್ತುವರಿದು, ಸಣ್ಣದೊಂದು ಗ್ರಂಥಿಯಿರುವುದು. ವೈದ್ಯರು ಇದನ್ನು ಪ್ರಾಸ್ಟೇಟ್ ಎನ್ನುವರು. ಈ ಭಾಗದಲ್ಲಿ ಕಲ್ಲಿನಂತಹ ಗಂಟು ಬೆಳೆದು ಮೂತ್ರವನ್ನು ತಡೆಯುವ ವ್ಯಾಧಿಯನ್ನು ಸುಶ್ರುತಸಂಹಿತೆಯು ವಾತಾಷ್ಠೀಲಾ ಎಂದು ಹೆಸರಿಸಿದೆ. ನಾವಿಲ್ಲಿ ಹೇಳಹೊರಟಿರುವುದಾದರೋ ಆ ಗ್ರಂಥಿಯಲ್ಲಿ ಹುಟ್ಟುವ ಕ್ಯಾನ್ಸರನ್ನು ಗ್ರಂಥಿಸಮೇತವಾಗಿ ತೆಗೆದುಹಾಕುವ ಚಿಕಿತ್ಸೆಯ ವಿಚಾರ.

ಹಿಂದೆ ಹೊಕ್ಕುಳ ಕೆಳಗೆ ಉದರವನ್ನು ಸೀಳಿ ಇದನ್ನು ಮಾಡುತ್ತಿದ್ದರು. ರಕ್ತಸ್ರಾವವು ಹೇರಳ, ಆಸ್ಪತ್ರೆಯ ವಾಸವು ಹಲವು ದಿನ. 2000ನೆಯ ಇಸವಿಯಲ್ಲಿ ಜರ್ಮನಿಯ ಫ್ರಾಂಕ್‌ಫರ್ಟಿನಲ್ಲಿ ರೋಬೋಟಿನ ಸಹಾಯದಿಂದ ಇದು ನಡೆಯಿತು. ಅನಂತರ ಅಮೆರಿಕದ ಡೆಟ್ರಾಯಿಟ್ ನಗರದ ಹೆನ್ರಿ ಫೋರ್ಡ್ ಆಸ್ಪತ್ರೆಯಲ್ಲಿ ಭಾರತಸಂಜಾತರಾದ ಡಾಕ್ಟರ್ ಮಣಿ ಮೆನನ್ ಅವರು ಈ ಕ್ರಮವನ್ನು ಬಳಕೆಗೆ ತಂದರು. ರೋಬೋಟ್ ಎಂದೊಡನೆ ಯಂತ್ರವು ತಾನಾಗಿಯೇ ಕೊಯ್ಯುವುದೆಂದು ಯಾರೂ ಬೆದರಬೇಕಾದುದಿಲ್ಲ. ವೈದ್ಯರು ಪಕ್ಕದಲ್ಲಿ ಕುಳಿತು ಕೈಯಾಡಿಸಿದಂತೆ, ಅರ್ಧ ಅಂಗುಲದಷ್ಟು ಕಿರಿದಾದ ರಂಧ್ರಗಳ ಮೂಲಕ ಒಳಹೊಕ್ಕ ಉಪಕರಣಗಳು ಆಡುವುವು. ಉದರದಲ್ಲಿ ತುಂಬಿದ ಅನಿಲದ ಒತ್ತಡದಿಂದ ಸಣ್ಣ ರಕ್ತನಾಳಗಳು ಅದುಮಲ್ಪಟ್ಟು ರಕ್ತನಷ್ಟವು ಬಹಳ ತಗ್ಗುವುದು.

ಹೀಗಾಗಿ ಒಂದೇ ರಾತ್ರಿಯ ವಾಸವು ಅಲ್ಲಿ ವಾಡಿಕೆಯಾಯಿತು. 2020ರಲ್ಲಿ ಕೊರೋನಾ ಪಿಡುಗಿನಿಂದ ಹಾಸಿಗೆಗಳ ಅಭಾವವುಂಟಾದಾಗ, ಆ ಒಂದು ರಾತ್ರಿಯೂ ಅವಶ್ಯವೇ ಎಂಬ ಪ್ರಶ್ನೆಯು ಬಲವಾಯಿತು. ಆಯ್ದ ರೋಗಿಗಳನ್ನು ಅದೇ ದಿನ ಮನೆಗೆ ಕಳುಹಿಸುವ ಪದ್ಧತಿಯು ಹಬ್ಬಿತು. ಅಫೀಮಿನ ಜಾತಿಯ ಔಷಧಗಳು ಮಂಪರನ್ನೂ ಮಲಬದ್ಧತೆಯನ್ನೂ ಉಂಟುಮಾಡುವುದರಿಂದ ಅವನ್ನು ಆದಷ್ಟು ವರ್ಜಿಸಿ, ಪ್ಯಾರಾಸಿಟಮಾಲ್ ಮೊದಲಾದವುಗಳಿಂದ ನೋವನ್ನು ಶಮನಗೊಳಿಸುವರು. ಕೆಲವು ಗಂಟೆಗಳಲ್ಲೇ ರೋಗಿಯನ್ನು ಎಬ್ಬಿಸಿ ನಡೆಸುವರು. ವಾಂತಿಯಿಲ್ಲದೆ ಆಹಾರ ಪಾನಗಳು ಒಗ್ಗಿದರೆ, ರಕ್ತದೊತ್ತಡವು ಸ್ಥಿರವಾಗಿದ್ದರೆ, ಸಂಜೆಗೆ ಅಪ್ಪಣೆ.

ಆದರೆ ಆಸ್ಪತ್ರೆಯ ರಾತ್ರಿಯು ತಪ್ಪಿತೆಂದ ಮಾತ್ರಕ್ಕೆ ಶುಶ್ರೂಷೆಯು ತಪ್ಪಲಿಲ್ಲವಷ್ಟೆ. ಅದು ಗೃಹಿಣಿಯ ಅಥವಾ ಮಗನ ಪಾಲಿಗೆ ಬಂದಿತು. ಗ್ರಂಥಿಯನ್ನು ತೆಗೆದ ಮೇಲೆ ಮೂತ್ರಾಶಯವನ್ನೂ ಮೂತ್ರನಾಳವನ್ನೂ ಕೂಡಿಸಿ ಹೊಲಿದಿರುವರು. ಆ ಹೊಲಿಗೆಯು ಕೂಡಿಕೊಳ್ಳುವವರೆಗೆ, ಸಾಮಾನ್ಯವಾಗಿ ಒಂದು ವಾರ ಅಥವಾ ತುಸು ಹೆಚ್ಚು ಕಾಲ, ರಬ್ಬರಿನ ನಳಿಕೆಯೊಂದು ಒಳಗಿರುವುದು. ಅದರ ಚೀಲವು ಸದಾ ಮೂತ್ರಾಶಯಕ್ಕಿಂತ ಕೆಳಗಿರಬೇಕು. ಮುಟ್ಟುವ ಮುನ್ನ ಕೈ ತೊಳೆಯಬೇಕು. ನಳಿಕೆಯು ಮಡಿಚದಂತೆ, ಜಗ್ಗದಂತೆ ನೋಡಿಕೊಳ್ಳಬೇಕು. ಅದು ಜಾರಿ ಹೊರಬಂದರೆ ಮನೆಯವರಾಗಲಿ ನೆರೆಯ ಕಾಂಪೌಂಡರನಾಗಲಿ ಮರಳಿ ತೂರಿಸುವ ಸಾಹಸವನ್ನು ಮಾಡಕೂಡದು, ಹೊಲಿಗೆಯು ಹರಿದೀತು. ಶಸ್ತ್ರವೈದ್ಯರಿಗೇ ತಿಳಿಸತಕ್ಕದ್ದು. ಮೂತ್ರವು ತಿಳಿಗೆಂಪಾಗಿರುವುದು ಸಹಜ. ಗಟ್ಟಿರಕ್ತವು ಬಂದು ಹರಿವು ನಿಂತರೆ, ಹೊಟ್ಟೆಯುಬ್ಬಿದರೆ, ಜ್ವರ ಬಂದರೆ, ಒಂದು ಕಾಲು ಬಾತರೆ, ಉಸಿರು ಕಟ್ಟಿದರೆ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು.

ಇದನ್ನೆಲ್ಲ ಹೇಳಿಕೊಡಬೇಕಾದ ಕಾಲವು ಶಸ್ತ್ರಕ್ರಿಯೆಗೆ ಮುಂಚಿನ ದಿನಗಳು. ಮಂಪರು ಬಿಡದ ರೋಗಿಗೆ ಬಾಗಿಲಲ್ಲಿ ಕಾಗದವೊಂದನ್ನು ಕೊಟ್ಟು ಕಳುಹಿಸುವುದು ಉಪದೇಶವೆನಿಸದು. ನಮ್ಮ ವೃದ್ಧರಿಗಂತೂ ಈ ಅಂಗದ ಮಾತೆತ್ತುವುದೇ ನಾಚಿಕೆ; ಹೆಂಡತಿಯೊಡನೆಯೂ ಬಾಯಿ ಬಿಡರು. ಮನೆಯಲ್ಲಿ ನೋಡುವವರಿಲ್ಲದಿದ್ದರೆ, ಊರು ದೂರವಿದ್ದರೆ, ಹೃದ್ರೋಗವಿದ್ದರೆ, ಒಂದು ರಾತ್ರಿ ಇರಿಸಿಕೊಳ್ಳಿರೆಂದು ಕೇಳುವುದಕ್ಕೆ ದಾಕ್ಷಿಣ್ಯವೇಕೆ? ಹಾಸಿಗೆಯ ಬಾಡಿಗೆಯ ಉಳಿತಾಯವೊಂದನ್ನೇ ಎಣಿಸಿ ಅವಸರಪಡಿಸುವುದು ನನಗೆ ಒಪ್ಪಿಗೆಯಿಲ್ಲ.

ನಳಿಕೆಯನ್ನು ತೆಗೆಸುವ ದಿನ ಒಣಬಟ್ಟೆಯನ್ನೂ ಹೀರುವ ಪ್ಯಾಡನ್ನೂ ಜೊತೆಗೊಯ್ಯಬೇಕು. ಮೂತ್ರದ ಹಿಡಿತವು ಮರಳುವುದಕ್ಕೆ ವಾರಗಳೋ ತಿಂಗಳುಗಳೋ ಹಿಡಿಯುವುದುಂಟು.