ಕಟ್ಟಡಕ್ಕೆ ದೇಣಿಗೆ ಉಂಟು, ಬೀಗ ತೆಗೆಯುವವರಿಗೆ ಸಂಬಳ ಎಲ್ಲಿ?

ಕಳೆದ ವಾರ್ಷಿಕ ಮಹಾಸಭೆಯಲ್ಲಿ ಹಿರಿಯ ಸದಸ್ಯರೊಬ್ಬರು ಎದ್ದು, "ವಾಚನಾಲಯದ ಬೀಗ ತೆಗೆಯುವುದು ಯಾವಾಗ?" ಎಂದು ಕೇಳಿದರು. ವೇದಿಕೆಯ ಮೇಲಿದ್ದ ನಮ್ಮಲ್ಲಿ ಉತ್ತರವಿರಲಿಲ್ಲ. ಆ ಕಟ್ಟಡಕ್ಕಾಗಿ ಮನೆಮನೆ ತಿರುಗಿ ದೇಣಿಗೆ ಎತ್ತಿದವರು ನಾವೇ. ದಾನಿಗಳ ಹೆಸರನ್ನು ಕಲ್ಲಿನಲ್ಲಿ ಕೆತ್ತಿಸಿದವರೂ ನಾವೇ. ಆದರೆ ದಿನವೂ ಸಂಜೆ ಬಾಗಿಲು ತೆರೆಯುವ ಹುಡುಗನಿಗೆ ಏನು ಕೊಡಬೇಕೆಂಬ ಯೋಚನೆ ನಮಗೆ ಬರಲಿಲ್ಲ. "ಸೇವೆ ತಾನೆ, ಸಂಬಳವೇಕೆ?" ಎಂದೆವು. ಆತ ಎರಡು ವರ್ಷ ಬಿಟ್ಟಿ ದುಡಿದು ಕೆಲಸ ಹುಡುಕಿಕೊಂಡು ಬೆಂಗಳೂರಿಗೆ ಹೋದ. ಪುಸ್ತಕಗಳಿಗೆ ಗೆದ್ದಲು ಹಿಡಿಯಿತು. ತಪ್ಪು ಹುಡುಗನದಲ್ಲ.

ಸಾಗರ ತಾಲ್ಲೂಕಿನ ಹೆಗ್ಗೋಡನ್ನು ನೋಡೋಣ. ಅದೂ ಅಡಿಕೆ ತೋಟಗಳ ನಡುವಿನ ಸಣ್ಣ ಊರು. 1949ರಲ್ಲಿ ಅಲ್ಲಿ ಹುಟ್ಟಿದ ನೀಲಕಂಠೇಶ್ವರ ನಾಟ್ಯಸೇವಾ ಸಂಘವೇ ಇಂದಿನ ನೀನಾಸಂ. ಅದನ್ನು ಬೆಳೆಸಿದ ಕೆ. ವಿ. ಸುಬ್ಬಣ್ಣನವರು ನಮ್ಮಂತೆಯೇ ಅಡಿಕೆ ಬೆಳೆಗಾರರು. 1991ರಲ್ಲಿ ಮ್ಯಾಗ್ಸೇಸೆ ಪ್ರಶಸ್ತಿ ಪಡೆದವರು. ಸಂಘವು ರಂಗಮಂದಿರ ಕಟ್ಟಿ ಸುಮ್ಮನಾಗಲಿಲ್ಲ. 1980ರಲ್ಲಿ ರಂಗಶಿಕ್ಷಣದ ಶಾಲೆ ತೆರೆಯಿತು. 1983ರಲ್ಲಿ ಫೋರ್ಡ್ ಪ್ರತಿಷ್ಠಾನದ ನೆರವಿನಿಂದ ಜನಸ್ಪಂದನ ಯೋಜನೆ ನಡೆಸಿತು. ಹೊರಗಿನ ನೆರವು ಎಷ್ಟೇ ದೊಡ್ಡದಾದರೂ ಅದಕ್ಕೊಂದು ಅವಧಿ ಉಂಟು. 1985ರಲ್ಲಿ 'ತಿರುಗಾಟ' ಹೊರಟಿತು. ಊರೂರಿನ ಸಂಘಗಳು ನಾಟಕ ಕರೆಸುತ್ತವೆ, ಖರ್ಚಿಗೆ ಹೆಗಲು ಕೊಡುತ್ತವೆ. ಕಲಿತ ಕಲಾವಿದರಿಗೆ ಹಂಗಾಮಿನುದ್ದಕ್ಕೂ ದುಡಿಮೆ ಸಿಗುತ್ತದೆ. ಅಲ್ಲಿ ಕಲಿತ ಹಲವರು ಮುಂದೆ ನಿರ್ದೇಶಕರಾದರು, ಶಾಲೆಗಳಲ್ಲಿ ನಾಟಕದ ಮೇಷ್ಟ್ರಾದರು. ಸಂಘದ ಕೆಲಸವೂ ಒಂದು ಬದುಕಾಗಬಲ್ಲದು ಎಂಬುದಕ್ಕೆ ಇದಕ್ಕಿಂತ ಹತ್ತಿರದ ಸಾಕ್ಷಿ ಬೇಕೆ?

ಈಗ ನಮ್ಮ ಲೆಕ್ಕಕ್ಕೆ ಬರೋಣ. ವಾಚನಾಲಯಕ್ಕೆ ಅರ್ಧ ದಿನದ ಕೆಲಸಗಾರರೊಬ್ಬರು ಬೇಕು. ತಿಂಗಳಿಗೆ 8,000 ರೂ. ಎಂದರೆ ವರ್ಷಕ್ಕೆ 96,000. ಇನ್ನೂರು ಮನೆಗಳು ತಲಾ 500 ರೂ. ವಂತಿಗೆ ಕೊಟ್ಟರೆ ಒಂದು ಲಕ್ಷವಾಯಿತು; ಉಳಿದ 4,000 ದಿನಪತ್ರಿಕೆಗಳಿಗೆ. ಒಬ್ಬರೇ ಲಕ್ಷ ಕೊಟ್ಟರೆ ಬರುವ ವರ್ಷ ಮತ್ತೆ ಅವರ ಬಾಗಿಲಿಗೇ ಹೋಗಬೇಕು. ಇನ್ನೂರು ಮನೆಗಳಲ್ಲಿ ಹತ್ತು ತಪ್ಪಿದರೂ ಬಾಗಿಲು ಮುಚ್ಚುವುದಿಲ್ಲ. ಅಷ್ಟೇ ಅಲ್ಲ, 500 ಕೊಟ್ಟವರು ಮಕ್ಕಳನ್ನು ಕಳಿಸುತ್ತಾರೆ, ಬೀಗ ಬಿದ್ದರೆ ಕೇಳುತ್ತಾರೆ.

ಕೇಳುವ ಕಾಲವೂ ಮುಖ್ಯ. ಆಷಾಢದ ಮಳೆಯಲ್ಲಿ, ಕೊಳೆರೋಗಕ್ಕೆ ಬೋರ್ಡೋ ಹೊಡೆಸಲು ಕೈ ಖಾಲಿಯಾಗಿರುವಾಗ ರಸೀದಿ ಪುಸ್ತಕ ಹಿಡಿದು ಹೋದರೆ ಯಾರಿಗೂ ಹಿತವಲ್ಲ. ಕೊಯ್ಲು ಮುಗಿದು, ಅಡಿಕೆ ಕಾಫಿ ಮಾರಾಟವಾಗಿ ನಾಲ್ಕು ಕಾಸು ಓಡಾಡುವ ಫಾಲ್ಗುಣ, ಚೈತ್ರವೇ ತಕ್ಕ ಕಾಲ. ಹಣ ಕೊಡಲಾಗದವರು ಒಂದಿಷ್ಟು ಅಡಿಕೆ ಕೊಡಲಿ. ತೂಕ ಹಾಕಿ ರಸೀದಿ ಬರೆಯೋಣ.

ಪ್ರತಿ ತಿಂಗಳ ಜಮಾ-ಖರ್ಚನ್ನು ಸಂಘದ ಫಲಕದಲ್ಲಿ ಹಚ್ಚುತ್ತೇವೆ. ಕೆಲಸಕ್ಕೆ ಬರುವ ಹುಡುಗ ಅಥವಾ ಹುಡುಗಿಗೆ ಲೆಕ್ಕಪತ್ರ, ಗ್ರಂಥಾಲಯದ ಕೆಲಸ ಕಲಿಯಲು ಅವಕಾಶ, ವರ್ಷವೂ ಸ್ವಲ್ಪ ಬಡ್ತಿ ಇರಬೇಕೆಂದು ಆಡಳಿತ ಮಂಡಳಿಗೆ ಶಿಫಾರಸು ಮಾಡಿದ್ದೇವೆ. ಮುಂದಿನ ಮಹಾಸಭೆಯಲ್ಲಿ ವಿಷಯ ಮತಕ್ಕೆ ಬರುತ್ತದೆ. ತೋಟದ ಆಳಿಗೆ ಕೂಲಿ ಬಾಕಿ ಉಳಿಸಿಕೊಳ್ಳಲು ನಾಚುವ ನಾವು, ಊರಿನ ಕೆಲಸ ಮಾಡುವವರ ವಿಷಯದಲ್ಲೂ ಅಷ್ಟೇ ನಾಚಬೇಕಲ್ಲವೆ? ಸದಸ್ಯರು ತಪ್ಪದೆ ಬರಬೇಕು.